ಹಾಯಿದೋಣಿಯಲ್ಲಿ ಸೌರಫಲಕ ಅಳವಡಿಕೆ

ಹಾಯಿದೋಣಿಯಲ್ಲಿ ಸೌರಫಲಕ ಅಳವಡಿಕೆ ಎಂದರೆ ದೂರಪ್ರಯಾಣದ ಹಾಯಿದೋಣಿಯ ವಿದ್ಯುತ್ ಅಗತ್ಯವನ್ನು ಸೂರ್ಯನ ಬೆಳಕಿನಿಂದ ಪೂರೈಸಲು ದ್ಯುತಿವಿದ್ಯುತ್ ಫಲಕಗಳನ್ನು ದೋಣಿಯ ಮೇಲೆ ಭದ್ರವಾಗಿ ನಿಲ್ಲಿಸಿ ಬ್ಯಾಟರಿಗೆ ಜೋಡಿಸುವ ಕಾರ್ಯ. ಹಾಯಿದೋಣಿಯನ್ನು ಮುನ್ನಡೆಸುವುದು ಗಾಳಿಯೇ ಆದರೂ ಅದರ ಸಂಚಾರ ದೀಪಗಳು, ರೇಡಿಯೊ, ಜಿ.ಪಿ.ಎಸ್., ಸ್ವಯಂಚಾಲಿತ ಚುಕ್ಕಾಣಿ ಹಾಗೂ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪು ವಿದ್ಯುತ್ತನ್ನು ಅವಲಂಬಿಸಿವೆ. ಅಂತರರಾಷ್ಟ್ರೀಯ ಸಮುದ್ರ ಸಂಚಾರ ನಿಯಮಗಳ ಪ್ರಕಾರ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸಂಚಾರ ದೀಪಗಳನ್ನು ಉರಿಸುವುದು ಕಡ್ಡಾಯ. ಬ್ಯಾಟರಿ ಬರಿದಾದ ದೋಣಿ ರಾತ್ರಿಯಲ್ಲಿ ಇತರ ಹಡಗುಗಳ ಕಣ್ಣಿಗೆ ಬೀಳುವುದಿಲ್ಲ. ಈ ಕಾರಣದಿಂದ ಫಲಕದ ಅಳವಡಿಕೆ ಅನುಕೂಲದ ಪ್ರಶ್ನೆಯಷ್ಟೇ ಅಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು.

ಸೌರದೋಣಿಗಳಿಂದ ಭಿನ್ನತೆ

ಸೌರದೋಣಿಗಳಲ್ಲಿ ಫಲಕಗಳ ವಿದ್ಯುತ್ತೇ ದೋಣಿಯನ್ನು ಚಲಾಯಿಸುತ್ತದೆ. 2010ರಿಂದ 2012ರ ಅವಧಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ‘ಟ್ಯೂರನಾರ್ ಪ್ಲಾನೆಟ್‌ಸೋಲಾರ್’ ಹಾಗೂ ಕೇರಳದ ವೈಕಂ–ತವಣಕಡವು ನಡುವೆ 2017ರಲ್ಲಿ ಸೇವೆ ಆರಂಭಿಸಿದ ‘ಆದಿತ್ಯ’ ಪ್ರಯಾಣಿಕರ ದೋಣಿ ಇದಕ್ಕೆ ಉದಾಹರಣೆಗಳು. ಇವುಗಳ ವಿಶಾಲವಾದ ಮೇಲ್ಛಾವಣಿ ಫಲಕಗಳಿಗಾಗಿಯೇ ವಿನ್ಯಾಸಗೊಂಡದ್ದು. ಹಾಯಿದೋಣಿಯಲ್ಲಾದರೋ ಸ್ಥಳ ಕಿರಿದು; ಇರುವ ಸ್ಥಳದ ಮೇಲೂ ಹಾಯಿ, ಹಾಯಿಮರ ಮತ್ತು ಹಗ್ಗಗಳ ನೆರಳು ಬೀಳುತ್ತದೆ. ಆದುದರಿಂದ ಇಲ್ಲಿ ಫಲಕದ ವ್ಯಾಟ್ ಸಾಮರ್ಥ್ಯಕ್ಕಿಂತ ಅದನ್ನು ನಿಲ್ಲಿಸುವ ಸ್ಥಾನ ಹೆಚ್ಚು ಮುಖ್ಯವಾಗುತ್ತದೆ.

ಅಗತ್ಯದ ಲೆಕ್ಕ

ಮೊದಲು ದಿನವೊಂದರ ಬಳಕೆಯನ್ನು ವ್ಯಾಟ್-ಗಂಟೆಗಳಲ್ಲಿ ಲೆಕ್ಕಹಾಕಲಾಗುತ್ತದೆ. ಉದಾಹರಣೆಗೆ, 3 ವ್ಯಾಟ್‌ನ ಎಲ್.ಇ.ಡಿ. ದೀಪ 12 ಗಂಟೆ ಉರಿದರೆ 36, ಸರಾಸರಿ 10 ವ್ಯಾಟ್ ಬಳಸುವ ರೇಡಿಯೊ ಮತ್ತು ಜಿ.ಪಿ.ಎಸ್. ದಿನವಿಡೀ ನಡೆದರೆ 240, ಸರಾಸರಿ 20 ವ್ಯಾಟ್ ಬಳಸುವ ಸ್ವಯಂಚಾಲಿತ ಚುಕ್ಕಾಣಿಗೆ 480. ಒಟ್ಟು 756 ವ್ಯಾಟ್-ಗಂಟೆ. ದಿನಕ್ಕೆ 5 ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ದೊರೆತು, ಅದರಲ್ಲಿ ಶೇ. 30ರಷ್ಟು ನಷ್ಟವಾಗುತ್ತದೆ ಎಂದು ಭಾವಿಸಿದರೆ ಸುಮಾರು 220 ವ್ಯಾಟ್‌ನ ಫಲಕ ಬೇಕಾಗುತ್ತದೆ. ಮೋಡ ಕವಿದು ಬೆಳಕು ಅರ್ಧಕ್ಕಿಳಿದರೆ ಫಲಕದ ಅಗತ್ಯ ದುಪ್ಪಟ್ಟಾಗುತ್ತದೆ.

ಸ್ಥಾನದ ಆಯ್ಕೆ

ಫಲಕದೊಳಗಿನ ಕೋಶಗಳು ಸರಣಿಯಲ್ಲಿ ಜೋಡಣೆಗೊಂಡಿರುತ್ತವೆ. ಒಂದು ಕೋಶದ ಮೇಲೆ ದಟ್ಟ ನೆರಳು ಬಿದ್ದರೂ ಆ ಸರಣಿಯ ವಿದ್ಯುತ್ ಪ್ರವಾಹ ಕುಗ್ಗುತ್ತದೆ. 36 ಕೋಶಗಳ ಫಲಕದಲ್ಲಿ ತಲಾ 18 ಕೋಶಗಳಿಗೆ ಒಂದರಂತೆ ಬೈಪಾಸ್ ಡಯೋಡ್ ಇದ್ದಾಗ ಒಂದೇ ಕೋಶದ ನೆರಳಿನಿಂದ ಫಲಕದ ಅರ್ಧ ಉತ್ಪಾದನೆ ನಿಲ್ಲಬಹುದು.

ದೋಣಿಯ ಹಿಂತುದಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳಿಂದ ಕಟ್ಟುವ ಕಮಾನು ಹಾಯಿಯ ನೆರಳಿನಿಂದ ಬಹುಮಟ್ಟಿಗೆ ದೂರವಿರುತ್ತದೆ ಮತ್ತು ಫಲಕದ ಕೆಳಗೆ ಗಾಳಿಯಾಡಲು ಎಡೆಮಾಡುತ್ತದೆ. ಆದರೆ ಭಾರವು ಎತ್ತರದಲ್ಲಿ ಸೇರುವುದರಿಂದ ದೋಣಿಯ ಸ್ಥಿರತೆ ಸ್ವಲ್ಪ ತಗ್ಗುತ್ತದೆ. ಬದಿಯ ಕಂಬಿಗಳಿಗೆ ಕೀಲುಗಳಿಂದ ಜೋಡಿಸಿದ ಫಲಕವನ್ನು ಬೇಕಾದಾಗ ಎತ್ತಿ, ಬೇಡವಾದಾಗ ಮಡಚಬಹುದು. ಕ್ಯಾಬಿನ್ನಿನ ಮೇಲೆ ಅಂಟಿಸುವ ತೆಳುವಾದ ಬಾಗುವ ಫಲಕಗಳು ಹಗುರವಾಗಿದ್ದರೂ ಹಿಂಬದಿಗೆ ಗಾಳಿ ತಾಗದೆ ಹೆಚ್ಚು ಕಾಯುತ್ತವೆ. ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿದಂತೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.35ರಷ್ಟು ಉತ್ಪಾದನೆ ತಗ್ಗುವುದರಿಂದ, 65 ಡಿಗ್ರಿಯಲ್ಲಿ ಶೇ. 14ರಷ್ಟು ನಷ್ಟ ಉಂಟಾಗುತ್ತದೆ.

ಗಾಳಿ ಮತ್ತು ಉಪ್ಪು

ಸೆಕೆಂಡಿಗೆ 20 ಮೀಟರ್ ವೇಗದ ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 240 ನ್ಯೂಟನ್. ವೇಗ ಇಮ್ಮಡಿಸಿದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಬೋಲ್ಟುಗಳನ್ನು ಡೆಕ್ಕಿನ ಮೂಲಕ ಹಾಯಿಸಿ, ಅಡಿಯಲ್ಲಿ ಅಗಲವಾದ ಲೋಹದ ತಗಡನ್ನು ಕೊಟ್ಟು ಬಿಗಿಯಬೇಕು. ರಂಧ್ರಗಳನ್ನು ಸಮುದ್ರೋಪಯೋಗಿ ಸೀಲೆಂಟ್‌ನಿಂದ ಮುಚ್ಚಬೇಕು.

ಫಲಕದ ಚೌಕಟ್ಟು ಅಲ್ಯೂಮಿನಿಯಂ, ಬೋಲ್ಟು ಸ್ಟೇನ್‌ಲೆಸ್ ಸ್ಟೀಲ್ ಆಗಿರುವಲ್ಲಿ ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವೆ ವಿದ್ಯುತ್‌ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ. ಇದನ್ನು ತಡೆಯಲು ನೈಲಾನ್ ವಾಷರುಗಳನ್ನೂ ಲೋಹಗಳನ್ನು ಬೇರ್ಪಡಿಸುವ ಲೇಪವನ್ನೂ ಬಳಸಲಾಗುತ್ತದೆ. ಬೋಲ್ಟುಗಳಿಗೆ 316 ದರ್ಜೆಯ ಉಕ್ಕು ಸೂಕ್ತ.

ವಿದ್ಯುತ್ ಜೋಡಣೆ

ಫಲಕ ಮತ್ತು ಬ್ಯಾಟರಿಯ ನಡುವೆ ಚಾರ್ಜ್ ನಿಯಂತ್ರಕ ಇರಬೇಕು. ತವರದ ಲೇಪನವಿರುವ ತಾಮ್ರದ ತಂತಿ ಉಪ್ಪುಗಾಳಿಯಲ್ಲಿ ಹೆಚ್ಚು ಬಾಳುತ್ತದೆ. 18 ವೋಲ್ಟ್‌ನ 100 ವ್ಯಾಟ್ ಫಲಕದಿಂದ 10 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಂತಿ ಎಳೆದರೆ ಸುಮಾರು ಶೇ. 7ರಷ್ಟು ವೋಲ್ಟೇಜ್ ನಷ್ಟವಾಗುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ ಇದು ಶೇ. 3ಕ್ಕಿಂತ ಕಡಿಮೆ. ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಳ್ಳದಂತೆ ಬ್ಯಾಟರಿಗೆ ಆದಷ್ಟು ಸಮೀಪದಲ್ಲಿ ಫ್ಯೂಸ್ ಇರಬೇಕು. ಸಾಮಾನ್ಯವಾಗಿ ನಿಯಂತ್ರಕಕ್ಕೆ ಮೊದಲು ಬ್ಯಾಟರಿಯನ್ನು, ಬಳಿಕ ಫಲಕವನ್ನು ಜೋಡಿಸಲಾಗುತ್ತದೆ; ಬಿಡಿಸುವಾಗ ಈ ಕ್ರಮ ತಿರುಗುಮುರುಗು. ಬೆಳಕಿರುವಷ್ಟು ಹೊತ್ತೂ ಫಲಕದಲ್ಲಿ ವಿದ್ಯುತ್ ಇರುವುದರಿಂದ ಕೆಲಸದ ವೇಳೆ ಅದನ್ನು ಮುಚ್ಚಿಡಲಾಗುತ್ತದೆ.

ಕರಾವಳಿಯ ಪರಿಸ್ಥಿತಿ

ಮಂಗಳೂರು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಗರದ ಫಳ್ನೀರ್‌ನಂತಹ ಬಡಾವಣೆಗಳ ಮನೆಗಳ ಮೇಲೆ ಫಲಕವನ್ನು ದಕ್ಷಿಣಕ್ಕೆ ವಾಲಿಸಿ ಸ್ಥಿರವಾಗಿ ನಿಲ್ಲಿಸಬಹುದು. ನೇತ್ರಾವತಿ ಹಾಗೂ ಫಲ್ಗುಣಿ ನದಿಗಳ ಅಳಿವೆಯಲ್ಲಿ ಲಂಗರು ಹಾಕಿದ ದೋಣಿ ಉಬ್ಬರವಿಳಿತ ಮತ್ತು ಗಾಳಿಗೆ ತಕ್ಕಂತೆ ತಿರುಗುತ್ತಲೇ ಇರುವುದರಿಂದ ಆ ಕ್ರಮ ಅಲ್ಲಿ ಫಲಿಸದು. ಈ ಅಕ್ಷಾಂಶದಲ್ಲಿ ಏಪ್ರಿಲ್ ಅಂತ್ಯದಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರಿನಲ್ಲಿಯೂ ಸುಮಾರು 54 ಡಿಗ್ರಿ ಎತ್ತರಕ್ಕೇರುತ್ತಾನೆ. ಹೀಗಾಗಿ ಸಮತಟ್ಟಾಗಿ ಇರಿಸಿದ ಫಲಕವೇ ಇಲ್ಲಿ ಸೂಕ್ತ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಆಗ ನೀರಿನಲ್ಲೇ ತಂಗಿರುವ ಹಾಯಿದೋಣಿಯೊಳಗೆ ಮಳೆನೀರು ಸೇರುತ್ತಿದ್ದರೆ ಅದನ್ನು ಹೊರಹಾಕುವ ಪಂಪು ಹೆಚ್ಚು ಹೊತ್ತು ನಡೆಯುತ್ತದೆ. ಮೋಡದಿಂದಾಗಿ ಉತ್ಪಾದನೆ ಕುಗ್ಗುವುದೂ ಅದೇ ಕಾಲದಲ್ಲಿ. ಆದ್ದರಿಂದ ಇಲ್ಲಿ ಫಲಕದ ಗಾತ್ರವನ್ನು ಬೇಸಿಗೆಯ ಬಿಸಿಲಿಗಲ್ಲ, ಮಳೆಗಾಲದ ಬೆಳಕಿಗೆ ಹೊಂದಿಸಿ ನಿರ್ಧರಿಸಬೇಕಾಗುತ್ತದೆ.

ನಿರ್ವಹಣೆ

ಉಪ್ಪಿನ ಪದರ ಹಾಗೂ ಹಕ್ಕಿಗಳ ಹಿಕ್ಕೆಯನ್ನು ಸಿಹಿನೀರು ಮತ್ತು ಮೃದುವಾದ ಬಟ್ಟೆಯಿಂದ ಒರೆಸಲಾಗುತ್ತದೆ. ಬೋಲ್ಟುಗಳ ಬಿಗಿ, ತಂತಿಯ ತುದಿಗಳ ಕಿಲುಬು ಮತ್ತು ಸೀಲೆಂಟ್‌ನ ಬಿರುಕುಗಳನ್ನು ಪ್ರತಿ ದೀರ್ಘ ಪ್ರಯಾಣಕ್ಕೂ ಮಳೆಗಾಲಕ್ಕೂ ಮುನ್ನ ಪರಿಶೀಲಿಸಬೇಕು. ಬಿರುಗಾಳಿಯ ಮುನ್ಸೂಚನೆ ಇದ್ದಾಗ ಕೀಲುಗಳಿರುವ ಫಲಕಗಳನ್ನು ಮಡಚಿ ಕಟ್ಟಲಾಗುತ್ತದೆ.