ರಗ್ಬಿ ದೈತ್ಯರ ಆಟವೇ? 9ನೇ ನಂಬರ್ ಜೆರ್ಸಿ ಕೊಡುವ ಉತ್ತರ ಇಲ್ಲಿದೆ

2025ರ ಜೂನ್‌ನಲ್ಲಿ ಮುಂಬೈನಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ‘ಬೆಂಗಳೂರು ಬ್ರೇವ್‌ಹಾರ್ಟ್ಸ್’ ತಂಡವೂ ಆಡಿತು. ರಗ್ಬಿಯ ತುಣುಕುಗಳು ಮೊಬೈಲಿಗೆ ಬಂದಾಗ ಹಲವರ ಬಾಯಲ್ಲಿ ಬರುವ ಮಾತು ಒಂದೇ: “ಇದು ದೈತ್ಯರ ಆಟ, ನಮ್ಮ ಮಕ್ಕಳ ಮೈಕಟ್ಟಿಗೆ ಆಗಿಬರಲ್ಲ.” ಇದು ನಿಜವೇ? ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯಬೇಕಾದರೆ ‘ಸ್ಕ್ರಮ್ ಹಾಫ್’ ಎಂಬ ಆಟಗಾರನನ್ನು ನೋಡಬೇಕು.

ಸ್ಕ್ರಮ್ ಹಾಫ್ ಎಂದರೆ ಯಾರು?

ಅಂತರರಾಷ್ಟ್ರೀಯ ರಗ್ಬಿ ತಂಡದಲ್ಲಿ 15 ಜನ. ಅವರಲ್ಲಿ 8 ಮಂದಿ ಫಾರ್ವರ್ಡ್‌ಗಳು. ಎದುರಾಳಿಯನ್ನು ತಳ್ಳಿ ಚೆಂಡು ಗೆಲ್ಲುವುದು ಮುಖ್ಯವಾಗಿ ಇವರ ಕೆಲಸ. ಇಲ್ಲಿ ತೂಕ, ಬಲ ಬೇಕೇ ಬೇಕು. ಉಳಿದ 7 ಮಂದಿ ಚೆಂಡು ಹಿಡಿದು ಓಡುವ ಬ್ಯಾಕ್‌ಗಳು. ಇವೆರಡು ಗುಂಪುಗಳ ನಡುವಿನ ಕೊಂಡಿಯೇ 9ನೇ ನಂಬರ್ ಜೆರ್ಸಿಯ ಸ್ಕ್ರಮ್ ಹಾಫ್. ಆಟಗಾರರ ಗುಂಪಿನ ಅಡಿಯಲ್ಲಿರುವ ಚೆಂಡನ್ನು ಎತ್ತಿ, ಸರಿಯಾದ ವ್ಯಕ್ತಿಗೆ, ಸರಿಯಾದ ಹೊತ್ತಿಗೆ ತಲುಪಿಸುವುದು ಅವನ ಹೊಣೆ. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಮಾತ್ರ ಕೊಡಬೇಕು.

ಅರ್ಧ ಸೆಕೆಂಡಿನ ಲೆಕ್ಕ

ಎದುರಾಳಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ನುಗ್ಗುತ್ತಿದ್ದಾನೆ ಎಂದುಕೊಳ್ಳಿ. ಪಾಸ್ ಅರ್ಧ ಸೆಕೆಂಡ್ ತಡವಾದರೆ ಅವನು 3 ಮೀಟರ್ ಹತ್ತಿರ ಬಂದಾಯಿತು. ಚೆಂಡು ಪಡೆದವನಿಗೆ ಓಡಲು ಜಾಗವೇ ಉಳಿಯುವುದಿಲ್ಲ.

ಒಳ್ಳೆಯ ಸ್ಕ್ರಮ್ ಹಾಫ್ ಚೆಂಡನ್ನು ಎತ್ತಿ, ನಿಂತು, ಕೈ ಹಿಂದಕ್ಕೆಳೆದು ಎಸೆಯುವುದಿಲ್ಲ. ಬಗ್ಗಿದ ಭಂಗಿಯಲ್ಲೇ, ನೆಲದಿಂದ ಒಂದೇ ಬೀಸಿಗೆ ಕಳಿಸುತ್ತಾನೆ. ಎಡಕ್ಕೂ ಬಲಕ್ಕೂ ಅಷ್ಟೇ ಸಲೀಸಾಗಿ. ನ್ಯೂಜಿಲೆಂಡ್‌ನ ಆರನ್ ಸ್ಮಿತ್ ಹೆಸರಾದದ್ದು ಇಂಥ ವೇಗದ ಪಾಸ್‌ಗೆ. ಎತ್ತರ ಸುಮಾರು 5 ಅಡಿ 7 ಇಂಚು, ಆಡಿದ್ದು 125 ಟೆಸ್ಟ್.

ನೀವೇ ಪರೀಕ್ಷಿಸಬಹುದು. ಜಯನಗರದ ಶಾಲಿನಿ ಗ್ರೌಂಡ್‌ನಲ್ಲೋ ಮನೆ ಹತ್ತಿರದ ಪಾರ್ಕಿನಲ್ಲೋ ನೆಲದ ಮೇಲೆ ಚೆಂಡಿಟ್ಟು, ಹತ್ತು ಹೆಜ್ಜೆ ದೂರದ ಗೆಳೆಯನಿಗೆ ಎಸೆಯಿರಿ. ಒಮ್ಮೆ ಎತ್ತಿಕೊಂಡು ನಿಂತು, ಇನ್ನೊಮ್ಮೆ ಬಗ್ಗಿದಲ್ಲಿಂದಲೇ. ಮೊಬೈಲಿನಲ್ಲಿ ವಿಡಿಯೊ ಮಾಡಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಕಾಲು, ಶ್ವಾಸ, ತಲೆ

ಪಾಸ್ ಒಂದೇ ಸಾಲದು. ದಾರಿ ಮುಚ್ಚಿದ್ದರೆ ಸ್ಕ್ರಮ್ ಹಾಫ್ ಗುಂಪಿನ ತಲೆಯ ಮೇಲಿಂದ ಚೆಂಡನ್ನು ಎತ್ತರಕ್ಕೆ ಒದೆಯುತ್ತಾನೆ. ಇದಕ್ಕೆ ‘ಬಾಕ್ಸ್ ಕಿಕ್’ ಎನ್ನುತ್ತಾರೆ. 20 ಮೀಟರ್ ಮೇಲೇರಿದ ಚೆಂಡು ಗಾಳಿಯಲ್ಲಿ ಸುಮಾರು 4 ಸೆಕೆಂಡ್ ಇರುತ್ತದೆ. ಅಷ್ಟರಲ್ಲಿ ಅವನ ಜೊತೆಗಾರ 25 ಮೀಟರ್ ಓಡಿ ಅದರ ಕೆಳಗೆ ತಲುಪಬಲ್ಲ. ಒದೆತ ತಗ್ಗಿದರೆ ಚೆಂಡು ಎದುರಾಳಿಗೆ ಉಚಿತ ಉಡುಗೊರೆ.

ಚೆಂಡು ಎಲ್ಲಿ ನೆಲಕ್ಕೆ ಬಿದ್ದರೂ ಅವನು ಅಲ್ಲಿಗೆ ಮೊದಲು ಮುಟ್ಟಬೇಕು. 80 ನಿಮಿಷ ಇದೇ ಓಟ. ಗುಂಪಿನಡಿ ಚೆಂಡು ಸಿಕ್ಕ ಮೇಲೆ ರೆಫರಿ “ಆಡಿ” ಎಂದು ಸೂಚಿಸಿದರೆ 5 ಸೆಕೆಂಡಿನೊಳಗೆ ಹೊರತೆಗೆಯಬೇಕು. ಪಾಸ್ ಮಾಡಲೋ, ಒದೆಯಲೋ, ತಾನೇ ನುಗ್ಗಲೋ? ಏದುಸಿರಿನಲ್ಲೂ ತಲೆ ತಣ್ಣಗಿರಬೇಕು.

ನಮಗೆ ಗೊತ್ತಿರುವ ಹೋಲಿಕೆ ವಿಕೆಟ್ ಕೀಪರ್. ಪ್ರತಿ ಚೆಂಡಿಗೂ ಕೂರುವುದು, ಏಳುವುದು, ಇಡೀ ತಂಡವನ್ನು ಕೂಗಿ ಎಚ್ಚರಿಸುವುದು. ನಮ್ಮ ಸಯ್ಯದ್ ಕಿರ್ಮಾನಿ 88 ಟೆಸ್ಟ್‌ಗಳಲ್ಲಿ 198 ಬಲಿ ಪಡೆದದ್ದು ಗಾತ್ರದಿಂದಲ್ಲ, ಕಣ್ಣು ಮತ್ತು ಕಾಲಿನ ಚುರುಕಿನಿಂದ.

ಹಾಗಾದರೆ ಕುಳ್ಳಗಿದ್ದರೆ ಸಾಕೇ?

ಅದೂ ತಪ್ಪು. ಫ್ರಾನ್ಸ್‌ನ ಆಂಟೊನ್ ಡ್ಯುಪಾಂ ಸುಮಾರು 5 ಅಡಿ 8 ಇಂಚು. 2021ರಲ್ಲಿ ವಿಶ್ವದ ಶ್ರೇಷ್ಠ ರಗ್ಬಿ ಆಟಗಾರ ಎನಿಸಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಏಳು ಜನರ ರಗ್ಬಿಯಲ್ಲಿ ಚಿನ್ನ ಗೆದ್ದರು. ಆದರೆ ವೇಲ್ಸ್‌ನ ಮೈಕ್ ಫಿಲಿಪ್ಸ್ 6 ಅಡಿ 3 ಇಂಚು, ಅವರೂ ಸ್ಕ್ರಮ್ ಹಾಫ್. ದಕ್ಷಿಣ ಆಫ್ರಿಕಾದ ಯೂಸ್ಟ್ ಫಾನ್ ಡರ್ ವೆಸ್ಟ್‌ಹೈಜೆನ್ ಕೂಡ 6 ಅಡಿ ದಾಟಿದವರು. 1995ರ ವಿಶ್ವಕಪ್ ಫೈನಲ್‌ನಲ್ಲಿ ನ್ಯೂಜಿಲೆಂಡ್‌ನ ದೈತ್ಯ ಜೋನಾ ಲೋಮುವನ್ನು ಅವರು ಕೆಡವಿದ್ದನ್ನು ಜನ ಇಂದಿಗೂ ನೆನೆಯುತ್ತಾರೆ. ಗಿಡ್ಡ ಮೈ ಬಗ್ಗಲು ಅನುಕೂಲ, ಅಷ್ಟೇ. ಅದು ಅರ್ಹತೆಯಲ್ಲ, ಎತ್ತರ ಅಡ್ಡಿಯೂ ಅಲ್ಲ.

ಎತ್ತರ ಹೆಚ್ಚಿಸುವ ಪುಡಿ ಬೇಡ

“ಆಟಕ್ಕೆ ಎತ್ತರ ಬೇಕು” ಎಂಬ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಪುಡಿ, ಮಾತ್ರೆಗಳ ಜಾಹೀರಾತುಗಳೂ ಫಾರ್ವರ್ಡ್ ಆಗುತ್ತವೆ. ಎತ್ತರವನ್ನು ಬಹುಪಾಲು ನಿರ್ಧರಿಸುವುದು ಅನುವಂಶೀಯತೆ. ಸರಿಯಾದ ಊಟ, ನಿದ್ದೆ, ಆರೋಗ್ಯ ಅದಕ್ಕೆ ನೆರವಾಗುತ್ತವೆ. ಹರೆಯ ಮುಗಿದು ಮೂಳೆಯ ಬೆಳವಣಿಗೆ ಫಲಕಗಳು ಮುಚ್ಚಿದ ಮೇಲೆ ಯಾವ ಪುಡಿಯೂ ಎತ್ತರ ಕೂಡಿಸದು. ಮಗುವಿನ ಬೆಳವಣಿಗೆ ನಿಂತಂತೆ ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ.

ಇನ್ನೊಂದು ಎಚ್ಚರಿಕೆ: ರಗ್ಬಿ ಮೈಗೆ ಮೈ ತಾಗುವ ಆಟ. ಭುಜದ ಮೇಲೆ ಹಿಡಿದು ಕೆಡವುವುದು ನಿಯಮಕ್ಕೆ ವಿರುದ್ಧ. ತಲೆಗೆ ಪೆಟ್ಟಾದ ಅನುಮಾನವಿದ್ದರೆ ಮಗುವನ್ನು ತಕ್ಷಣ ಆಟದಿಂದ ಹೊರಗೆ ಕರೆತನ್ನಿ, ವೈದ್ಯರಿಗೆ ತೋರಿಸಿ. ಅಂದು ಮತ್ತೆ ಆಡಿಸಬೇಡಿ.

ತೀರ್ಪು

“ರಗ್ಬಿ ದೈತ್ಯರಿಗೆ ಮಾತ್ರ” ಎಂಬುದು ತಪ್ಪು ಕಲ್ಪನೆ. ಕೆಲವು ಜಾಗಗಳಿಗೆ ದೊಡ್ಡ ಮೈ ಬೇಕು. 9ನೇ ಜಾಗಕ್ಕೆ ಬೇಕಾದದ್ದು ಚುರುಕು ಕೈ, ದಣಿಯದ ಕಾಲು, ತಣ್ಣನೆಯ ತಲೆ. ಇವು ಅಭ್ಯಾಸದಿಂದ ಬೆಳೆಯುವಂಥವು. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದ ಎತ್ತರ ನೋಡಿ ಯಾವ ಹುಡುಗನನ್ನೂ, ಯಾವ ಹುಡುಗಿಯನ್ನೂ ಮೈದಾನದಿಂದ ದೂರ ಇಡಬೇಡಿ.