ಟರ್ಫ್ ಮೇಲಿನ ಮೊಣಕಾಲು: ಹಾಕಿ ಆಟಗಾರರ ದೇಹ ಕಾಯುವ ವಿಜ್ಞಾನ ಬೆಳೆದ ಬಗೆ

1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ಭಾರತ ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಏಳನೇ ಸ್ಥಾನಕ್ಕೆ ಕುಸಿಯಿತು. ಒಲಿಂಪಿಕ್ಸ್ ಹಾಕಿ ಕೃತಕ ಹಾಸಿನ ಮೇಲೆ ನಡೆದದ್ದು ಅದೇ ಮೊದಲು. ಟರ್ಫ್ ನಮ್ಮ ಡ್ರಿಬ್ಲಿಂಗ್ ಕಲೆಯನ್ನು ಕೊಂದಿತು ಎಂದು ಅಂದಿನಿಂದ ಕೊರಗುತ್ತಲೇ ಇದ್ದೇವೆ. ಟರ್ಫ್ ಆಟಗಾರನ ಮೈಗೆ ಏನು ಮಾಡಿತು ಎಂಬುದನ್ನು ಮಾತ್ರ ಅಷ್ಟಾಗಿ ಕೇಳಲಿಲ್ಲ. ಹುಲ್ಲಿನ ಮೇಲೆ ಓಡುವ ಕಾಲು ನಿಲ್ಲುವಾಗ ತುಸು ಜಾರುತ್ತದೆ, ಆ ಜಾರಿಕೆಯಲ್ಲೇ ಒತ್ತಡ ಕರಗುತ್ತದೆ. ಟರ್ಫ್‌ನಲ್ಲಿ ಶೂ ಗಕ್ಕನೆ ಹಿಡಿದು ನಿಲ್ಲುತ್ತದೆ. ಮೈ ತಿರುಗುವ ಭಾರವನ್ನೆಲ್ಲ ಹರಡು, ಮೊಣಕಾಲುಗಳು ಹೊರಬೇಕಾಗುತ್ತದೆ. ಆಟದ ವೇಗ ಮೊದಲು ಬಂತು, ದೇಹ ಕಾಯುವ ತಿಳಿವಳಿಕೆ ಬಹಳ ತಡವಾಗಿ ಬಂತು.

ಆ ತಿಳಿವಳಿಕೆಯ ಆರಂಭದ ಹೆಜ್ಜೆಗಳಲ್ಲಿ ಒಂದು ಇಂಗ್ಲೆಂಡಿನದು. ಲಿವರ್‌ಪೂಲ್‌ನ ಕ್ರೀಡಾ ವಿಜ್ಞಾನಿ ಥಾಮಸ್ ರೈಲಿ 1990ರ ಸುಮಾರಿಗೆ ಹಾಕಿಯ ಬಾಗಿದ ಭಂಗಿಯನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಸೊಂಟ ಬಗ್ಗಿಸಿ ಚೆಂಡು ಒಯ್ಯುವವನು ಅದೇ ವೇಗದಲ್ಲಿ ನೆಟ್ಟಗೆ ಓಡುವವನಿಗಿಂತ ಹೆಚ್ಚು ಶಕ್ತಿ ವ್ಯಯಿಸುತ್ತಾನೆ, ಬೆನ್ನುಮೂಳೆಯ ಮೇಲೂ ಒತ್ತಡ ಬೀಳುತ್ತದೆ ಎಂದು ಅಳೆದು ತೋರಿಸಿದರು. ಹಾಕಿ ಆಟಗಾರರ ಹಳೆಯ ಸಂಗಾತಿಯಾದ ಸೊಂಟನೋವಿಗೆ ಹೀಗೆ ಒಂದು ಕಾರಣ ಸಿಕ್ಕಿತು.

1992ರಲ್ಲಿ ನೆದರ್ಲೆಂಡ್ಸ್‌ನ ವಿಲೆಮ್ ವಾನ್ ಮೆಖೆಲೆನ್ ಮತ್ತು ಸಂಗಡಿಗರು ಎಲ್ಲ ಕ್ರೀಡೆಗಳಿಗೂ ಹೊಂದುವ ನಾಲ್ಕು ಹಂತದ ಕ್ರಮವೊಂದನ್ನು ಮುಂದಿಟ್ಟರು. ಮೊದಲು ಗಾಯಗಳನ್ನು ಲೆಕ್ಕಹಾಕು, ಕಾರಣ ಹುಡುಕು, ತಡೆ ರೂಪಿಸು, ಮತ್ತೆ ಲೆಕ್ಕಹಾಕಿ ಫಲ ನೋಡು. ಈ ಕ್ಷೇತ್ರಕ್ಕೆ ಇದಕ್ಕಿಂತ ದೊಡ್ಡ ಕೊಡುಗೆ ಇಲ್ಲ ಎಂದೇ ನನ್ನ ಎಣಿಕೆ. ಹಣೆಬರಹಕ್ಕೆ ಬಿಟ್ಟಿದ್ದ ಗಾಯವನ್ನು ಅದು ಲೆಕ್ಕದ ಪುಸ್ತಕಕ್ಕೆ ತಂದಿತು.

ಅದೇ ದಶಕದಲ್ಲಿ ಆಟ ಇನ್ನಷ್ಟು ಬಿರುಸಾಯಿತು. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸುವ ಅವಕಾಶ ಬಂತು, ಆಫ್‌ಸೈಡ್ ನಿಯಮ ಹೋಯಿತು. ಚೆಂಡನ್ನು ಕೋಲಿನಲ್ಲಿ ಎಳೆದು ಗೋಲಿನತ್ತ ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್ ಪೆನಾಲ್ಟಿ ಕಾರ್ನರ್‌ನ ಮುಖ್ಯ ಅಸ್ತ್ರವಾಯಿತು. ಗಂಟೆಗೆ 100 ಕಿ.ಮೀ. ಮೀರಿ ನುಗ್ಗುವ ಆ ಚೆಂಡಿಗೆ ಎದುರಾಗಿ ಓಡುವ ರಕ್ಷಣಾ ಆಟಗಾರನಿಗೆ ಮುಖಗವಸು, ಮೊಣಕಾಲಿನ ಪ್ಯಾಡು ಬೇಕೇಬೇಕಾದವು. ಅಮೆರಿಕದ ಪ್ರೌಢಶಾಲೆಗಳು 2011ರಲ್ಲಿ ಕಣ್ಣಿನ ರಕ್ಷಾಕವಚವನ್ನು ಕಡ್ಡಾಯ ಮಾಡಿದವು. ಆಮೇಲೆ ನಡೆದ ಅಧ್ಯಯನದಲ್ಲಿ ಅಲ್ಲಿನ ವಿದ್ಯಾರ್ಥಿನಿಯರ ಕಣ್ಣಿನ ಗಾಯಗಳು ತಗ್ಗಿದ್ದು ಕಂಡುಬಂತು. ರಕ್ಷಾಕವಚ ತೊಟ್ಟರೆ ಆಟ ಒರಟಾಗುತ್ತದೆ ಎಂದು ವಾದಿಸುವವರು ಇದನ್ನು ಗಮನಿಸಬೇಕು.

ಆದರೆ ಸ್ನಾಯುವಿಗೆ, ಕೀಲಿಗೆ ಕವಚ ತೊಡಿಸಲಾಗದು. ಇಲ್ಲಿ ಬೇರೆ ಆಟಗಳ ಪಾಠ ನೆರವಿಗೆ ಬಂತು. ಮಂಡಿಯೂರಿ, ಹಿಮ್ಮಡಿಯನ್ನು ಜೊತೆಗಾರನ ಕೈಗೆ ಕೊಟ್ಟು, ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ‘ನಾರ್ಡಿಕ್’ ವ್ಯಾಯಾಮ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಗಾಯಗಳನ್ನು ಗಣನೀಯವಾಗಿ ತಗ್ಗಿಸುತ್ತದೆ ಎಂದು ಫುಟ್‌ಬಾಲ್ ಪ್ರಯೋಗಗಳು ತೋರಿಸಿದವು. ಹಿಂದೆ ಉಳುಕಿದ ಹರಡು ಮತ್ತೆ ಉಳುಕದಂತೆ ಸಮತೋಲನದ ಹಲಗೆಯ ಅಭ್ಯಾಸ ಕಾಯುತ್ತದೆ ಎಂದು ಡಚ್ ವಾಲಿಬಾಲ್‌ನಿಂದ ಗೊತ್ತಾಯಿತು. ಡಚ್ಚರು ಇಂಥ ಅಭ್ಯಾಸಗಳನ್ನು ಹಾಕಿಗೆ ಒಗ್ಗಿಸಿ ಎಳೆಯರಿಗಾಗಿ ವಾರ್ಮ್ ಅಪ್ ಕ್ರಮವೊಂದನ್ನು ರೂಪಿಸಿದರು. ಅದನ್ನು ಪಾಲಿಸಿದ ತಂಡಗಳಲ್ಲಿ ಗಾಯ ಕಡಿಮೆಯಾದಂತೆ ಕಂಡಿತಾದರೂ ಪುರಾವೆ ಇನ್ನೂ ಗಟ್ಟಿಯಾಗಬೇಕಿದೆ. 2016ರಲ್ಲಿ ಆಸ್ಟ್ರೇಲಿಯಾದ ಕ್ರೀಡಾ ವಿಜ್ಞಾನಿ ಟಿಮ್ ಗ್ಯಾಬೆಟ್ ಇನ್ನೊಂದು ಮುಖ್ಯ ವಾದ ಮುಂದಿಟ್ಟರು: ಕಠಿಣ ತರಬೇತಿಗಿಂತ ಅದರ ಹಠಾತ್ ಏರಿಕೆಯೇ ಹೆಚ್ಚು ಅಪಾಯಕಾರಿ. ಹದವಾಗಿ ಏರಿಸಿದ ಶ್ರಮ ದೇಹಕ್ಕೆ ರಕ್ಷಣೆಯೇ ಆಗಬಲ್ಲದು.

ಭಾರತ ಈ ದಾರಿಗೆ ಬಂದದ್ದು ತಡವಾಗಿ, ಬಂದ ಮೇಲೆ ಮಾತ್ರ ಗಂಭೀರವಾಗಿ. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಶಿಬಿರದಲ್ಲಿ ದಕ್ಷಿಣ ಆಫ್ರಿಕಾದ ರಾಬಿನ್ ಅರ್ಕೆಲ್ ಪುರುಷರ ತಂಡಕ್ಕೂ ವೇಯ್ನ್ ಲೊಂಬಾರ್ಡ್ ಮಹಿಳೆಯರ ತಂಡಕ್ಕೂ ವೈಜ್ಞಾನಿಕ ಸಲಹೆಗಾರರಾದರು. ಓಟದ ಕ್ಷಮತೆ ಅಳೆಯುವ ಯೋ-ಯೋ ಪರೀಕ್ಷೆ, ಓಟದ ಲೆಕ್ಕವಿಡುವ ಜಿಪಿಎಸ್ ಅಂಗಿ, ದಿನದಿನದ ಶ್ರಮದ ಲೆಕ್ಕ ರೂಢಿಯಾದವು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ 41 ವರ್ಷಗಳ ಬಳಿಕ ಪದಕ ಬಂತು, ಮಹಿಳೆಯರು ನಾಲ್ಕನೆಯವರಾದರು. ಮೊಣಕಾಲಿನ ಗಾಯದಿಂದ 2016ರ ರಿಯೊ ಒಲಿಂಪಿಕ್ಸ್ ಕಳೆದುಕೊಂಡಿದ್ದ ಬೀರೇಂದ್ರ ಲಾಕ್ರಾ ಟೋಕಿಯೊದ ಪದಕ ತಂಡದಲ್ಲಿದ್ದರು.

ಹಾಗೆಂದು ಗಾಯಗಳು ನಿಂತಿಲ್ಲ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಮೊಣಕಾಲಿನ ಗಾಯದಿಂದ 2018ರ ಭುವನೇಶ್ವರ ವಿಶ್ವಕಪ್ ಕಳೆದುಕೊಂಡರು. 2023ರ ವಿಶ್ವಕಪ್‌ನಲ್ಲಿ ಹಾರ್ದಿಕ್ ಸಿಂಗ್ ಹ್ಯಾಮ್‌ಸ್ಟ್ರಿಂಗ್ ಗಾಯದಿಂದ ಹೊರಬಿದ್ದ ಬೆನ್ನಲ್ಲೇ ಭಾರತ ನ್ಯೂಜಿಲೆಂಡಿಗೆ ಶೂಟೌಟ್‌ನಲ್ಲಿ ಸೋತಿತು.

ಆದರೆ ನನ್ನ ಚಿಂತೆ ರಾಷ್ಟ್ರೀಯ ಶಿಬಿರದ್ದಲ್ಲ, ಊರಿನ ಎಳೆಯರದು. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ ಇಂದು ನೂರಾರು ಕುಟುಂಬಗಳನ್ನು ಮೈದಾನಕ್ಕೆ ತರುತ್ತದೆ. ಅಲ್ಲಿ ಹುಲ್ಲು, ಮಣ್ಣಿನ ಮೇಲೆ ಆಡಿದ ಮಕ್ಕಳು ಕ್ರೀಡಾ ಹಾಸ್ಟೆಲ್‌ಗೆ ಆಯ್ಕೆಯಾದೊಡನೆ ದಿನಕ್ಕೆರಡು ಹೊತ್ತು ಟರ್ಫ್ ಮೇಲೆ ಓಡತೊಡಗಿದರೆ ಅದು ಗ್ಯಾಬೆಟ್ ಹೇಳಿದ ಹಠಾತ್ ಏರಿಕೆಯೇ. ಎಳೆಯರ ತರಬೇತುದಾರರಲ್ಲಿ ನನ್ನದೊಂದು ಕೋರಿಕೆ: ಮೊದಲ ವಾರಗಳಲ್ಲಿ ಟರ್ಫ್ ಅವಧಿಯನ್ನು ಹದವಾಗಿ ಏರಿಸಿ, ಹರಡು ಮತ್ತು ತೊಡೆಯ ಅಭ್ಯಾಸಗಳನ್ನು ಪ್ರತಿದಿನದ ವಾರ್ಮ್ ಅಪ್‌ಗೆ ಸೇರಿಸಿ, ಯಾವ ಮಗುವಿಗೆ ಎಲ್ಲಿ ನೋವು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಇದಕ್ಕೆ ದುಬಾರಿ ಯಂತ್ರವೇನೂ ಬೇಡ.