ದಡ ಮುಟ್ಟಿಸುವ ಕಸುಬು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ರಾಯಚೂರು ಸೀಮೆ. ಈ ನೆಲದ ಚರಿತ್ರೆಯನ್ನು ನಾವು ಕೋಟೆಗಳಿಂದ, ವಿಜಯನಗರ ಮತ್ತು ಬಹಮನಿ ಅರಸರ ಕಾಳಗಗಳಿಂದ ಓದಿಕೊಂಡು ಬಂದಿದ್ದೇವೆ. ಕೋಟೆ ಗೆದ್ದವರ ಹೆಸರು ಶಾಸನಗಳಲ್ಲಿ ಉಳಿದಿದೆ. ಗೆದ್ದವರನ್ನೂ ಸೋತು ಓಡಿದವರನ್ನೂ ಹೊಳೆ ದಾಟಿಸಿದ ಅಂಬಿಗರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ನೀರಿಗೆ ಸಿಕ್ಕವರನ್ನು ಕಾಪಾಡುವ ಕರ್ತವ್ಯವನ್ನು ಸರ್ಕಾರಗಳು ಕಾನೂನಾಗಿ ಬರೆದದ್ದು ಇತ್ತೀಚೆಗೆ. ನೀರನ್ನು ನಂಬಿ ಬದುಕುವವರ ಕಸುಬಿನೊಳಗೆ ಅದು ಬಹು ಹಿಂದೆಯೇ ಬೆಳೆದಿತ್ತು. ಆ ಕಸುಬು ಅಳಿದರೆ ಕಾಪಾಡುವ ಶಕ್ತಿಯೂ ಕುಂದುತ್ತದೆ. ಈ ಮಾತಿಗೆ ರಾಯಚೂರಿನ ಎರಡು ಹೊಳೆಗಳೇ ಸಾಕ್ಷಿ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇಲ್ಲಿನ ಹರಿಗೋಲನ್ನು ಕಂಡು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಕೂರಬಹುದು, ಸುತ್ತುತ್ತಲೇ ಸಾಗುತ್ತದೆ. ಬಂಡೆಗಳು ತುಂಬಿದ ಹೊಳೆಗೆ ಅದೇ ತಕ್ಕ ವಾಹನ. ಅದರ ತಳಕ್ಕೆ ಹೆಚ್ಚು ಆಳದ ನೀರು ಬೇಡ. ಒಂದೇ ಹುಟ್ಟಿನಿಂದ ಸೆಳವಿಗೆ ತಕ್ಕಂತೆ ತಿರುಗಿಸಬಹುದು. 1520ರಲ್ಲೇ ರಾಯಚೂರಿಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ಯುದ್ಧ ನಡೆಯಿತು. ಸೋತ ಸೈನ್ಯ ಕೃಷ್ಣೆಗೆ ಇಳಿದು ಅಸಂಖ್ಯ ಜನ ಮುಳುಗಿದರೆಂದು ಮುಂದೆ ಫೆರ್ನಾವೊ ನೂನಿಜ್ ಬರೆದ. ಅರಸನ ತಪ್ಪಿಗೆ ಇವರೇಕೆ ಸಾಯಬೇಕು ಎಂದು ರಾಯ ತನ್ನ ಪಡೆಯನ್ನು ಹಿಂದಕ್ಕೆ ಕರೆಸಿದನೆಂದೂ ಅವನೇ ದಾಖಲಿಸಿದ್ದಾನೆ. ನೀರಿನಲ್ಲಿ ಒದ್ದಾಡುವವನು ಯಾವ ಕಡೆಯವನು ಎಂಬ ಲೆಕ್ಕ ಅಲ್ಲಿಗೆ ಮುಗಿಯಬೇಕೆಂಬ ತಿಳಿವಳಿಕೆ ಗೆದ್ದ ಸೈನ್ಯದ ದೊರೆಗೂ ಇತ್ತು.

ಹೊಳೆಯೇ ಗಡಿಯಾದಾಗ ಈ ತಿಳಿವಳಿಕೆ ಇನ್ನೂ ಕಠಿಣ ಪರೀಕ್ಷೆಗೆ ಒಳಗಾಗುತ್ತದೆ. 1947ರ ಆಗಸ್ಟ್‌ನಿಂದ 1948ರ ಸೆಪ್ಟೆಂಬರ್ 17ರವರೆಗೆ ರಾಯಚೂರು ನಿಜಾಮನ ಹೈದರಾಬಾದಿನಲ್ಲಿತ್ತು, ತುಂಗಭದ್ರೆಯ ಆಚೆ ದಡ ಸ್ವತಂತ್ರ ಭಾರತದ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಿಜಾಮನ ಪರವಾದ ರಜಾಕಾರರ ಪಡೆಯ ಹಾವಳಿಗೆ ಬೆದರಿ ಗಡಿ ಹಳ್ಳಿಗಳ ಕುಟುಂಬಗಳು ಮನೆ ಮಠ ಬಿಟ್ಟು ಹೊರಟವು. ಮಾನ್ವಿ ಕಡೆಯಿಂದ ದಕ್ಷಿಣಕ್ಕೆ ಹೋಗುವವರಿಗೆ ಹೊಳೆ ದಾಟದೆ ಬೇರೆ ದಾರಿ ಇರಲಿಲ್ಲ, ಸೇತುವೆಗಳು ವಿರಳವಾಗಿದ್ದವು. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಆ ಸಂಸ್ಥಾನದ ಅನೇಕ ಮುಸ್ಲಿಂ ಕುಟುಂಬಗಳೂ ಅಂಥದ್ದೇ ಭಯದಲ್ಲಿ ಊರು ಬಿಟ್ಟವು. ಈ ವರ್ಷಗಳನ್ನು ವಿಮೋಚನೆಯ ಕಥೆಯಾಗಿ ಹೇಳುವಾಗ, ಅವು ಊರು ಬಿಟ್ಟವರ ಕಥೆಯೂ ಹೌದೆಂಬುದನ್ನು ಮರೆಯಬಾರದು.

ಅಂಬಿಗರು ದುಡ್ಡು, ಕಾಳು ತೆಗೆದುಕೊಂಡು ದಾಟಿಸುತ್ತಿದ್ದರು, ಇದರಲ್ಲಿ ಧರ್ಮ ಎಲ್ಲಿ ಬಂತು ಎಂದು ಕೇಳಬಹುದು. ಕೂಲಿ ನಿಜ. ಆದರೆ ದಿನದ ಕೂಲಿಯೇ ಆ ವಿದ್ಯೆಯನ್ನು ಉಳಿಸಿತು. ಯಾವ ಬಂಡೆ ಎಲ್ಲಿದೆ, ಸುಳಿ ಎಲ್ಲಿ ಏಳುತ್ತದೆ ಎಂಬುದು ದಿನಾ ಹುಟ್ಟು ಹಾಕಿದವರಿಗಷ್ಟೇ ತಿಳಿಯುತ್ತದೆ. ಹರಿಗೋಲೇ ಅಪಾಯ ಎಂಬ ಆಕ್ಷೇಪಣೆಗೆ ತೂಕವಿದೆ. 2020ರ ಆಗಸ್ಟ್‌ನಲ್ಲಿ ಕೃಷ್ಣೆಯ ನಡುಗಡ್ಡೆ ಕುರ್ವಕಲಾ ಬಳಿ ಹರಿಗೋಲು ಮಗುಚಿ ಜೀವಗಳು ಹೋದವು. ಪ್ರವಾಹ ಏರಿದಾಗ ಜಿಲ್ಲಾಡಳಿತ ಹರಿಗೋಲು ನಿಷೇಧಿಸುವುದೂ ಸರಿಯೇ. ಆದರೆ ಆ ಸಾವುಗಳು ಹೇಳುವುದು ನಡುಗಡ್ಡೆಗಳಿಗೆ ಸೇತುವೆ ಬೇಕು, ದಾಟುವವರಿಗೆ ಲೈಫ್ ಜಾಕೆಟ್ ಬೇಕು ಎಂದು. ಹೊಳೆ ಬಲ್ಲವರು ಬೇಡ ಎಂದು ಅವು ಹೇಳುವುದಿಲ್ಲ. 2019ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದ ನೀರಿಗೆ ದೇವದುರ್ಗ ತಾಲ್ಲೂಕಿನ ಸೇತುವೆಗಳು ಮುಳುಗಿದ್ದಾಗ, ಹಿರೇರಾಯನಕುಂಪಿಯ ಬಾಲಕನೊಬ್ಬ ನೀರಿನಲ್ಲಿ ಮುಂದೆ ಓಡುತ್ತ ಆಂಬುಲೆನ್ಸ್‌ಗೆ ಸೇತುವೆಯ ದಾರಿ ತೋರಿದ. ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು. ಅವನ ಕೈಯಲ್ಲಿ ದೋಣಿ ಇರಲಿಲ್ಲ, ಹಗ್ಗ ಇರಲಿಲ್ಲ. ಇದ್ದದ್ದು ಆ ಜಾಗದ ಪರಿಚಯ. ವಿಪತ್ತು ಸ್ಪಂದನಾ ಪಡೆ ದೂರದಿಂದ ಮೋಟಾರು ದೋಣಿ ತರಬಹುದು, ಈ ಪರಿಚಯವನ್ನು ತರಲಾರದು.

ಇದಕ್ಕಿಂತ ದೊಡ್ಡ ಆಕ್ಷೇಪಣೆ ಸಮುದ್ರದ ಕಡೆಯಿಂದ ಬರುತ್ತದೆ: ಕಾಪಾಡುವವರಿದ್ದಾರೆಂಬ ಧೈರ್ಯದಲ್ಲೇ ವಲಸಿಗರು ಹರಕು ದೋಣಿ ಹತ್ತುತ್ತಾರೆ, ಕಾಪಾಡುವುದು ನಿಲ್ಲಲಿ ಎಂಬ ವಾದ. ಇಟಲಿ 2014ರ ಕೊನೆಗೆ ತನ್ನ ದೊಡ್ಡ ರಕ್ಷಣಾ ಕಾರ್ಯಾಚರಣೆ ನಿಲ್ಲಿಸಿತು. ದೋಣಿಗಳು ನಿಲ್ಲಲಿಲ್ಲ. 2015ರ ಏಪ್ರಿಲ್‌ನಲ್ಲಿ ಲಿಬಿಯಾದ ಬಳಿ ಒಂದೇ ದೋಣಿ ಮುಳುಗಿ 800ಕ್ಕೂ ಹೆಚ್ಚು ಜನ ಸತ್ತರು. ಮರುತಿಂಗಳು ಆಗ್ನೇಯ ಏಷ್ಯಾದಲ್ಲಿ, ನೌಕಾಪಡೆಗಳು ಹಿಂದಕ್ಕೆ ದೂಡಿದ ರೋಹಿಂಗ್ಯಾ ನಿರಾಶ್ರಿತರನ್ನು ದಡಕ್ಕೆ ತಂದವರು ಇಂಡೋನೇಷ್ಯಾದ ಅಚೇ ಎಂಬ ಪ್ರಾಂತ್ಯದ ಮೀನುಗಾರರು. ಮನೆಯಲ್ಲಿ ಉಳಿದರೆ ಸಾವು ಎಂದು ತಿಳಿದು ಹೊರಟವನನ್ನು ನೀರಿನ ಭಯ ತಡೆಯುವುದಿಲ್ಲ. 1948ರಲ್ಲಿ ತುಂಗಭದ್ರೆಯೂ ತಡೆದಿರಲಿಲ್ಲ. ಅಪಾಯದಲ್ಲಿರುವ ಯಾರನ್ನೇ ಆಗಲಿ ಕಾಪಾಡಬೇಕೆಂದು 1982ರ ಸಮುದ್ರ ಕಾನೂನು ಒಪ್ಪಂದ ಹಡಗುಗಳಿಗೆ ವಿಧಿಸಿದ್ದು ಅಂಬಿಗರ ಹಳೆಯ ನಡಾವಳಿಯನ್ನೇ. ಹೀಗೆ ದಡ ಮುಟ್ಟಿದವನ ಕಾಗದಪತ್ರ, ಗುರುತು, ಹಕ್ಕುಗಳ ವಿಚಾರಣೆಗೆ ದಡದಲ್ಲಿ ಜಾಗವೂ ಸಮಯವೂ ಇದೆ.

2018ರ ಪ್ರವಾಹದಲ್ಲಿ ಕೇರಳದ ಮೀನುಗಾರರು ದೋಣಿಗಳನ್ನು ಲಾರಿಗಳಲ್ಲಿ ಹೇರಿಕೊಂಡು ಒಳನಾಡಿಗೆ ಹೋಗಿ ಸಾವಿರಾರು ಜನರನ್ನು ಉಳಿಸಿದರು, ಅಲ್ಲಿನ ಸರ್ಕಾರ ಅವರನ್ನು ಗೌರವಿಸಿತು. ಕೃಷ್ಣೆ, ತುಂಗಭದ್ರೆಯ ಅಂಬಿಗರಿಗೆ ಸನ್ಮಾನಕ್ಕಿಂತ ಹೆಚ್ಚಿನದು ಸಲ್ಲಬೇಕು: ಜಿಲ್ಲೆಯ ವಿಪತ್ತು ಯೋಜನೆಯಲ್ಲಿ ಅವರಿಗೆ ಸ್ಥಾನ, ತರಬೇತಿ, ಸಂಬಳ, ವಿಮೆ. ಸೇತುವೆಗಳು ಬರಲಿ, ಬರಲೇಬೇಕು. ಸೇತುವೆ ಬಂದ ಊರಿನಲ್ಲಿ ಅಂಬಿಗನ ದಿನದ ಕೂಲಿ ನಿಲ್ಲುತ್ತದೆ, ಹೊಳೆ ಉಕ್ಕುವುದು ನಿಲ್ಲುವುದಿಲ್ಲ. ಆದ್ದರಿಂದ ಆ ಕೂಲಿಯ ಹೊಣೆಯನ್ನು ಇನ್ನು ಮುಂದೆ ಸರ್ಕಾರವೇ ಹೊರಬೇಕು.